ಅತಿದ್ರವದ ಸುಳಿ ಮತ್ತು ಕಣಗಳ ಸ್ಪಿನ್

(ಸಂಸ್ಥೆಯ ವಾರ್ಷಿಕ ಸಭೆಯ ವಿದ್ಯಾರ್ಥಿ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ನಾನು ಉರ್ದು ಮತ್ತು ಕನ್ನಡ ಕಲಿಸುವ ಮೇಷ್ಟ್ರು. ಭಾಷೆಯ ಮೇಷ್ಟ್ರಿಗೆ ಭೌತಶಾಸ್ತ್ರದ ವಿಷಯ ಯಾಕೆ ಎಂದು ನೀವು ಕೇಳಬಹುದು. ಕಾರಣ ಇದೆ, ಅದನ್ನು ಮೊದಲು ಹೇಳಿಬಿಡುತ್ತೇನೆ. ಕೆಲವು ವರ್ಷಗಳ ಹಿಂದೆ ನಾನಿದ್ದ ಶಾಲೆಯಲ್ಲಿ ವಿಜ್ಞಾನ ಶಿಕ್ಷಕರ ಹುದ್ದೆ ಹಲವು ತಿಂಗಳು ಖಾಲಿ ಇತ್ತು. ಮಕ್ಕಳು ಸುಮ್ಮನೆ ಕೂರಬಾರದೆಂದು ಒಂಬತ್ತನೇ ತರಗತಿಯ ಪರಮಾಣು ರಚನೆಯ ಪಾಠವನ್ನು ನಾನೇ ಓದಿಕೊಂಡು ಹೇಳುತ್ತಿದ್ದೆ. ಒಂದು ದಿನ ಒಬ್ಬ ಹುಡುಗಿ ಎದ್ದು ನಿಂತು, "ಸರ್, ಎಲೆಕ್ಟ್ರಾನಿಗೆ ಸ್ಪಿನ್ ಇದೆ ಅಂತ ಅಣ್ಣನ ಪುಸ್ತಕದಲ್ಲಿದೆ. ಅದು ಬುಗುರಿಯ ಹಾಗೆ ತಿರುಗುತ್ತಾ?" ಎಂದು ಕೇಳಿದಳು. ನಾನು ಒಂದು ಕ್ಷಣವೂ ಯೋಚಿಸದೆ, "ಹೌದಮ್ಮ, ಥೇಟ್ ಬುಗುರಿಯ ಹಾಗೆ" ಎಂದೆ.

ಮೂರು ವರ್ಷಗಳ ನಂತರ ಆ ಹುಡುಗಿ ನನ್ನನ್ನು ಹುಡುಕಿಕೊಂಡು ಬಂದಳು. ಪಿಯುಸಿ ತರಗತಿಯಲ್ಲಿ ಉಪನ್ಯಾಸಕರು ಇದೇ ಪ್ರಶ್ನೆ ಕೇಳಿದಾಗ ಅವಳು ಧೈರ್ಯದಿಂದ ನನ್ನ ಉತ್ತರವನ್ನೇ ಹೇಳಿದ್ದಳು. ಅದು ತಪ್ಪು ಎಂದು ಎಲ್ಲರೆದುರು ತಿಳಿದಿತ್ತು. ಅವಳು ನನ್ನ ಮೇಲೆ ಸಿಟ್ಟು ಮಾಡಲಿಲ್ಲ. "ಸರ್, ಬುಗುರಿ ಅಲ್ಲದಿದ್ದರೆ ಮತ್ತೇನು?" ಎಂದಷ್ಟೇ ಕೇಳಿದಳು. ಆ ದಿನ ನನ್ನ ಬಳಿ ಉತ್ತರ ಇರಲಿಲ್ಲ. ಉತ್ತರ ಹುಡುಕುತ್ತಾ ಹೋದಾಗ ದಾರಿಯಲ್ಲಿ ಒಂದು ವಿಚಿತ್ರ ದ್ರವ ಸಿಕ್ಕಿತು. ಅದರೊಳಗೆ ಸುಳಿಗಳಿದ್ದವು. ಆ ಸುಳಿಗಳನ್ನು ಅರ್ಥ ಮಾಡಿಕೊಂಡ ಮೇಲೆಯೇ ನನಗೆ ಸ್ಪಿನ್ ಎಂಬುದು ಸ್ವಲ್ಪ ಮಟ್ಟಿಗೆ ತಿಳಿಯಿತು. ಇಂದಿನ ನನ್ನ ಮಾತು ಆ ಹುಡುಗಿಗೆ ಕೊಡಬೇಕಾಗಿದ್ದ ಬಾಕಿ ಉತ್ತರ ಎಂದು ತಿಳಿಯಿರಿ.

ವಿಚಿತ್ರ ದ್ರವ

ಬಲೂನಿಗೆ ತುಂಬುವ ಹೀಲಿಯಂ ಅನಿಲ ನಿಮಗೆಲ್ಲ ಗೊತ್ತು. ಅದನ್ನು ದ್ರವ ಮಾಡುವುದು ಬಹಳ ಕಷ್ಟ. ಹಾಲೆಂಡಿನ ಲೈಡನ್ ನಗರದಲ್ಲಿ ಹೈಕೆ ಕಾಮರ್ಲಿಂಗ್ ಓನ್ನೆಸ್ ಎಂಬ ವಿಜ್ಞಾನಿ 1908ರ ಜುಲೈ 10ರಂದು ಮೊದಲ ಬಾರಿಗೆ ಅದನ್ನು ಸಾಧಿಸಿದರು. ಹೀಲಿಯಂ ದ್ರವವಾಗುವುದು 4.2 ಕೆಲ್ವಿನ್‌ನಲ್ಲಿ, ಅಂದರೆ ಸೊನ್ನೆಗಿಂತ ಸುಮಾರು 269 ಡಿಗ್ರಿ ಸೆಲ್ಸಿಯಸ್ ಕೆಳಗೆ. ಇನ್ನೂ ತಣ್ಣಗೆ ಮಾಡುತ್ತಾ 2.17 ಕೆಲ್ವಿನ್‌ಗೆ ತಂದರೆ, ಅಲ್ಲಿಯವರೆಗೆ ಕುದಿಯುತ್ತಿದ್ದ ದ್ರವ ಥಟ್ಟನೆ ಶಾಂತವಾಗುತ್ತದೆ. ಗುಳ್ಳೆಗಳು ಮಾಯವಾಗುತ್ತವೆ. ಅಲ್ಲಿಂದ ಕೆಳಗೆ ಅದು ಬೇರೆಯೇ ವಸ್ತು.

1938ರ ಜನವರಿಯಲ್ಲಿ 'ನೇಚರ್' ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಎರಡು ಚಿಕ್ಕ ಲೇಖನಗಳು ಬಂದವು. ಒಂದು ಮಾಸ್ಕೋದ ಪ್ಯೋತರ್ ಕಪಿತ್ಸಾ ಅವರದು. ಇನ್ನೊಂದು ಕೇಂಬ್ರಿಜ್‌ನ ಜಾನ್ ಅಲೆನ್ ಮತ್ತು ಡಾನ್ ಮಿಸೆನರ್ ಅವರದು. ಈ ತಣ್ಣನೆಯ ಹೀಲಿಯಂ ಅತಿ ಸೂಕ್ಷ್ಮವಾದ ಸಂದಿಯಲ್ಲೂ ಹೆಚ್ಚು ಕಡಿಮೆ ತಡೆಯೇ ಇಲ್ಲದೆ ಹರಿಯುತ್ತದೆ ಎಂದು ಇಬ್ಬರೂ ಕಂಡಿದ್ದರು. ಕಪಿತ್ಸಾ ಅದನ್ನು 'ಸೂಪರ್‌ಫ್ಲೂಯಿಡ್' ಎಂದು ಕರೆದರು. ನಾವು ಅತಿದ್ರವ ಎನ್ನೋಣ. ಜೇನುತುಪ್ಪ ನಿಧಾನವಾಗಿ ಹರಿಯುತ್ತದೆ, ನೀರು ಬೇಗ ಹರಿಯುತ್ತದೆ. ಇದಕ್ಕೆ ಕಾರಣ ಸ್ನಿಗ್ಧತೆ. ಅತಿದ್ರವದ ಹರಿವಿಗೆ ಈ ಸ್ನಿಗ್ಧತೆಯ ಕಾಟವಿಲ್ಲ. ಬಟ್ಟಲಿನಲ್ಲಿಟ್ಟರೆ ಗೋಡೆಗೆ ತೆಳುವಾಗಿ ಅಂಟಿಕೊಂಡು ಮೇಲೇರಿ, ಅಂಚು ದಾಟಿ, ಹೊರಗೆ ತೊಟ್ಟಿಕ್ಕುತ್ತದೆ.

ಇದರ ಹಿಂದಿನ ಕಾರಣವನ್ನು ಹೇಳುವಾಗ ನಮ್ಮ ಉಪಖಂಡದ ಒಬ್ಬ ಮೇಷ್ಟ್ರ ಹೆಸರು ಹೇಳಲೇಬೇಕು. 1924ರಲ್ಲಿ ಢಾಕಾ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದ, ಮೂವತ್ತು ವರ್ಷ ವಯಸ್ಸಿನ ಸತ್ಯೇಂದ್ರನಾಥ ಬೋಸರು ಬೆಳಕಿನ ಕಣಗಳನ್ನು ಎಣಿಸುವ ಹೊಸ ರೀತಿಯೊಂದನ್ನು ಬರೆದು ಐನ್‌ಸ್ಟೈನ್‌ರಿಗೆ ಕಳಿಸಿದರು. ಐನ್‌ಸ್ಟೈನ್ ಅದನ್ನು ತಾವೇ ಜರ್ಮನ್ ಭಾಷೆಗೆ ಅನುವಾದಿಸಿ ಪ್ರಕಟಿಸಿದರು. ನಂತರ ಅದೇ ಎಣಿಕೆಯನ್ನು ಪರಮಾಣುಗಳಿಗೂ ವಿಸ್ತರಿಸಿದರು. ಬಹಳ ತಣ್ಣಗಾದಾಗ ಇಂಥ ಪರಮಾಣುಗಳು ಒಂದೇ ಸ್ಥಿತಿಗೆ ಬಂದು ಸೇರುತ್ತವೆ ಎಂಬುದು ಅದರ ಫಲ. ಹೀಲಿಯಂನ ವಿಚಿತ್ರಕ್ಕೆ ಇದೇ ಮೂಲ ಎಂದು 1938ರಲ್ಲಿಯೇ ಫ್ರಿಟ್ಸ್ ಲಂಡನ್ ಸೂಚಿಸಿದರು. ಸಾಮಾನ್ಯ ದ್ರವದಲ್ಲಿ ಪರಮಾಣುಗಳು ಸಂತೆಯ ಜನರಂತೆ, ಒಬ್ಬೊಬ್ಬರದು ಒಂದೊಂದು ದಿಕ್ಕು. ಅತಿದ್ರವದಲ್ಲಿ ಅವು ಶಾಲೆಯ ಕವಾಯತಿನ ಮಕ್ಕಳಂತೆ, ಎಲ್ಲರದೂ ಒಂದೇ ಹೆಜ್ಜೆ.

ಸುಳಿ ಏಕೆ ಎಣಿಕೆಗೆ ಸಿಗುತ್ತದೆ?

ಈಗ ಸುಳಿಗೆ ಬರೋಣ. ಕನ್ನಡದಲ್ಲಿ ಸುಳಿ ಎಂದರೆ ಉರ್ದುವಿನಲ್ಲಿ ಭಂವರ್. ಹೊಳೆಯಲ್ಲಿ ನೋಡಿದ್ದೀರಿ. ಚಹದ ಲೋಟದಲ್ಲಿ ಚಮಚ ತಿರುಗಿಸಿದರೂ ಸುಳಿ ಬರುತ್ತದೆ. ಜೋರಾಗಿ ತಿರುಗಿಸಿದರೆ ದೊಡ್ಡ ಸುಳಿ, ಮೆಲ್ಲಗೆ ತಿರುಗಿಸಿದರೆ ಸಣ್ಣ ಸುಳಿ. ನಡುವೆ ಎಷ್ಟು ಬೇಕಾದರೂ ಆಗಬಹುದು. ಅತಿದ್ರವದಲ್ಲಿ ಹಾಗಲ್ಲ. ಅಲ್ಲಿ ಸುಳಿಯ ಬಲಕ್ಕೆ ನಾಣ್ಯದ ಲೆಕ್ಕ ಇದೆ. ಒಂದು, ಎರಡು, ಮೂರು ಎಂದು ಮಾತ್ರ ಇರಬಹುದು. ಒಂದೂವರೆ ಇಲ್ಲ.

ಏಕೆ ಎಂದು ತಿಳಿಯಲು ಒಂದು ಆಟ ಆಡೋಣ. ನೀವು ಅರವತ್ತು ಮಂದಿ ಮೈದಾನದಲ್ಲಿ ವೃತ್ತಾಕಾರವಾಗಿ ಕುಳಿತಿದ್ದೀರಿ. ಪ್ರತಿಯೊಬ್ಬರ ಕೈಯಲ್ಲೂ ಒಂದೇ ಮುಳ್ಳಿರುವ ಗಡಿಯಾರ. ನಿಯಮ ಇಷ್ಟೇ: ಪಕ್ಕದವರ ಮುಳ್ಳಿಗೂ ನಿಮ್ಮ ಮುಳ್ಳಿಗೂ ಹೆಚ್ಚು ವ್ಯತ್ಯಾಸ ಇರಬಾರದು. ಮೊದಲನೆಯವನ ಮುಳ್ಳು ಹನ್ನೆರಡರ ಮೇಲಿದೆ. ಎರಡನೆಯವಳು ಒಂದು ನಿಮಿಷದ ಗೆರೆಯಷ್ಟು ಮುಂದೆ. ಮೂರನೆಯವನು ಇನ್ನೊಂದು ಗೆರೆ ಮುಂದೆ. ಹೀಗೆ ವೃತ್ತವನ್ನು ಸುತ್ತಿ ಬಂದರೆ ಮತ್ತೆ ಮೊದಲನೆಯವನೇ ಸಿಗುತ್ತಾನೆ. ಅವನ ಮುಳ್ಳು ಹನ್ನೆರಡರ ಮೇಲೆಯೇ ಇದೆ. ಅಂದರೆ ಒಂದು ಸುತ್ತು ಬರುವಷ್ಟರಲ್ಲಿ ಮುಳ್ಳು ಸರಿಯಾಗಿ ಒಂದು ಸಲ ತಿರುಗಿದೆ. ಪ್ರತಿಯೊಬ್ಬರೂ ಎರಡೆರಡು ಗೆರೆ ಮುಂದಿಟ್ಟರೆ ಎರಡು ಸಲ ತಿರುಗುತ್ತದೆ. ಒಂದೂವರೆ ಗೆರೆ ಇಟ್ಟರೆ? ಕೊನೆಯವಳ ಮುಳ್ಳು ಆರರ ಹತ್ತಿರ, ಮೊದಲನೆಯವನದು ಹನ್ನೆರಡರಲ್ಲಿ. ನಿಯಮ ಮುರಿಯಿತು, ಆಟ ಕೆಟ್ಟಿತು.

ಅತಿದ್ರವದ ಪ್ರತಿ ಬಿಂದುವಿನಲ್ಲೂ ಇಂಥ ಒಂದು ಮುಳ್ಳು ಇದೆ ಎಂದು ಭಾವಿಸಿ. ಇದನ್ನು ಭೌತಶಾಸ್ತ್ರದಲ್ಲಿ 'ಫೇಸ್' ಎನ್ನುತ್ತಾರೆ. ಮುಳ್ಳು ಸ್ಥಳದಿಂದ ಸ್ಥಳಕ್ಕೆ ಎಷ್ಟು ಬೇಗ ಬದಲಾಗುತ್ತದೋ ಅಲ್ಲಿ ದ್ರವ ಅಷ್ಟು ವೇಗವಾಗಿ ಹರಿಯುತ್ತದೆ. ಮುಳ್ಳಿನ ಸುತ್ತುಗಳು ಪೂರ್ಣಸಂಖ್ಯೆಯಲ್ಲೇ ಇರಬೇಕಾದುದರಿಂದ ಹರಿವಿನ ಸುತ್ತಾಟವೂ ಪೂರ್ಣಸಂಖ್ಯೆಯಲ್ಲೇ ಇರಬೇಕು. 1949ರಲ್ಲಿ ಲಾರ್ಸ್ ಓನ್ಸಾಗರ್ ಒಂದು ಸಮ್ಮೇಳನದ ಚರ್ಚೆಯಲ್ಲಿ ಈ ಮಾತನ್ನು ಹೇಳಿದರು. 1955ರಲ್ಲಿ ರಿಚರ್ಡ್ ಫೈನ್‌ಮನ್ ಅದನ್ನು ವಿವರವಾಗಿ ಬೆಳೆಸಿದರು.

ನಾಣ್ಯದ ಬೆಲೆ ಎಷ್ಟು? ಪ್ಲ್ಯಾಂಕ್ ಸ್ಥಿರಾಂಕವನ್ನು ಒಂದು ಹೀಲಿಯಂ ಪರಮಾಣುವಿನ ದ್ರವ್ಯರಾಶಿಯಿಂದ ಭಾಗಿಸಿ. ಸೆಕೆಂಡಿಗೆ ಸುಮಾರು 0.1 ಚದರ ಮಿಲಿಮೀಟರ್ ಬರುತ್ತದೆ. ಸುಳಿಯ ಸುತ್ತ ಒಂದು ವೃತ್ತ ಎಳೆದು, ಅಲ್ಲಿನ ವೇಗವನ್ನು ವೃತ್ತದ ಸುತ್ತಳತೆಯಿಂದ ಗುಣಿಸಿದರೆ ಇದೇ ಸಂಖ್ಯೆ ಬರಬೇಕು. ಸುಳಿಯ ನಡುವಿನಿಂದ 1 ಮಿಲಿಮೀಟರ್ ದೂರದಲ್ಲಿ ವೇಗ ಸೆಕೆಂಡಿಗೆ 0.016 ಮಿಲಿಮೀಟರ್ ಮಾತ್ರ, ಇರುವೆಗಿಂತಲೂ ನಿಧಾನ. ಒಳಗೆ ಹೋದಂತೆ ವೇಗ ಏರುತ್ತದೆ. ಸುಳಿಯ ಗರ್ಭ ಹೆಚ್ಚು ಕಡಿಮೆ ಒಂದು ಪರಮಾಣುವಿನಷ್ಟೇ ಅಗಲ. ಅದರ ಅಂಚಿನಲ್ಲಿ ವೇಗ ಸೆಕೆಂಡಿಗೆ 150 ಮೀಟರ್ ದಾಟುತ್ತದೆ.

ಹಾಗಾದರೆ ಅತಿದ್ರವ ತುಂಬಿದ ಬಟ್ಟಲನ್ನೇ ತಿರುಗಿಸಿದರೆ? ಬಹಳ ಮೆಲ್ಲಗೆ ತಿರುಗಿಸಿದರೆ ಅತಿದ್ರವ ಕದಲುವುದೇ ಇಲ್ಲ. ಸ್ವಲ್ಪ ಜೋರು ಮಾಡಿದರೆ ಒಂದು ಸುಳಿ ಹುಟ್ಟುತ್ತದೆ, ಇನ್ನೂ ಜೋರು ಮಾಡಿದರೆ ಎರಡು, ಮೂರು. ನಿಮಿಷಕ್ಕೆ ಒಂದೇ ಸುತ್ತಿನಂತೆ ತಿರುಗುವ ಬಟ್ಟಲಿನಲ್ಲಿ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 210 ಸುಳಿಗಳು ಗದ್ದೆಯ ಪೈರಿನಂತೆ ನೆಟ್ಟಗೆ ನಿಲ್ಲುತ್ತವೆ.

ಇದು ಬರೀ ಲೆಕ್ಕವಲ್ಲ. ಕೇಂಬ್ರಿಜ್‌ನಲ್ಲಿ ವಿನೆನ್ ಎಂಬುವರು ಅತಿದ್ರವದ ನಡುವೆ ಸೂಕ್ಷ್ಮ ತಂತಿಯೊಂದನ್ನು ಬಿಗಿದು, ಅದು ಕಂಪಿಸುವ ರೀತಿಯಿಂದ ಸುಳಿಯ ನಾಣ್ಯವನ್ನು ಅಳೆದು 1961ರಲ್ಲಿ ಪ್ರಕಟಿಸಿದರು. 1979ರಲ್ಲಿ ಬರ್ಕ್ಲಿಯ ಯಾರ್ಮ್‌ಚಕ್, ಗಾರ್ಡನ್ ಮತ್ತು ಪ್ಯಾಕರ್ಡ್ ಸುಳಿಗಳ ಸಾಲುಗಳ ಚಿತ್ರಗಳನ್ನೇ ತೆಗೆದರು. 2006ರಲ್ಲಿ ಬ್ಯೂಲಿ, ಲ್ಯಾಥ್ರಾಪ್ ಮತ್ತು ಶ್ರೀನಿವಾಸನ್ ಘನ ಹೈಡ್ರೋಜನ್‌ನ ಸಣ್ಣ ಕಣಗಳನ್ನು ಅತಿದ್ರವದೊಳಗೆ ಬಿಟ್ಟರು. ಕಣಗಳು ಸುಳಿಯ ಗರ್ಭಕ್ಕೆ ಅಂಟಿಕೊಂಡು, ದಾರಕ್ಕೆ ಪೋಣಿಸಿದ ಮಣಿಗಳಂತೆ ಹೊಳೆದವು. ಈ ಕಟೇಪಲ್ಲಿ ಶ್ರೀನಿವಾಸನ್ ಯಾರು ಗೊತ್ತೇ? ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಓದಿ, 1975ರಲ್ಲಿ ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೇ ಪಿಎಚ್.ಡಿ. ಪಡೆದವರು. ಅಬ್ದುಸ್ ಸಲಾಮ್ ಇಟಲಿಯ ಟ್ರಿಯೆಸ್ಟ್‌ನಲ್ಲಿ 1964ರಲ್ಲಿ ಕಟ್ಟಿದ ಸೈದ್ಧಾಂತಿಕ ಭೌತಶಾಸ್ತ್ರ ಕೇಂದ್ರಕ್ಕೆ 2003ರಿಂದ 2009ರವರೆಗೆ ನಿರ್ದೇಶಕರಾಗಿದ್ದವರು.

ಬುಗುರಿ ಏಕೆ ಅಲ್ಲ?

ಈಗ ಆ ಹುಡುಗಿಯ ಪ್ರಶ್ನೆಗೆ ಬರುತ್ತೇನೆ. 1922ರಲ್ಲಿ ಫ್ರಾಂಕ್‌ಫರ್ಟ್‌ನಲ್ಲಿ ಸ್ಟರ್ನ್ ಮತ್ತು ಗೆರ್ಲಾಖ್ ಬೆಳ್ಳಿಯ ಪರಮಾಣುಗಳ ಎಳೆಯೊಂದನ್ನು ಕಾಂತದ ನಡುವೆ ಹಾಯಿಸಿದರು. ಗಾಜಿನ ಮೇಲೆ ಒಂದು ಅಗಲವಾದ ಕಲೆ ಬೀಳಬೇಕಿತ್ತು. ಬಿದ್ದದ್ದು ಎರಡಾಗಿ ಸೀಳಿದ ಗುರುತು. 1925ರಲ್ಲಿ ಊಲೆನ್‌ಬೆಕ್ ಮತ್ತು ಗೌಡ್‌ಸ್ಮಿಟ್ ಎಂಬ ಇಬ್ಬರು ಯುವಕರು, ಎಲೆಕ್ಟ್ರಾನಿಗೆ ತನ್ನದೇ ಆದ ಒಂದು ಕೋನೀಯ ಸಂವೇಗ ಇದೆ ಎಂದು ಹೇಳಿದರು. ಅದೇ ಸ್ಪಿನ್. ಅದರ ಅಳತೆ ಅರ್ಧ. ಯಾವುದರ ಅರ್ಧ? ಪ್ಲ್ಯಾಂಕ್ ಸ್ಥಿರಾಂಕವನ್ನು 'ಎರಡು ಪೈ'ನಿಂದ ಭಾಗಿಸಿದಾಗ ಬರುವ ಮೂಲಮಾನದ ಅರ್ಧ.

ಎಲೆಕ್ಟ್ರಾನ್ ನಿಜವಾಗಿ ಒಂದು ಪುಟ್ಟ ಚೆಂಡಾಗಿದ್ದು ಇಷ್ಟು ತಿರುಗಬೇಕಾದರೆ ಅದರ ಮೇಲ್ಮೈ ಬೆಳಕಿಗಿಂತ ವೇಗವಾಗಿ ಓಡಬೇಕಾಗುತ್ತದೆ ಎಂದು ಹಿರಿಯ ವಿಜ್ಞಾನಿ ಲೊರೆಂಟ್ಸ್ ಆಗಲೇ ತೋರಿಸಿದರು. ಅದು ಸಾಧ್ಯವಿಲ್ಲ. ಬುಗುರಿಯನ್ನು ನಿಲ್ಲಿಸಬಹುದು, ಜೋರು ಮಾಡಬಹುದು. ಎಲೆಕ್ಟ್ರಾನಿನ ಸ್ಪಿನ್ ನಿಲ್ಲಿಸಲು, ಹೆಚ್ಚಿಸಲು ಬರುವುದಿಲ್ಲ. ದಿಕ್ಕು ಮಾತ್ರ ಬದಲಾಗುತ್ತದೆ. ಹಾಗೆಂದು ಸ್ಪಿನ್ ಬರೀ ಹೆಸರಲ್ಲ. ಕಬ್ಬಿಣದ ಸರಳನ್ನು ದಾರದಲ್ಲಿ ತೂಗುಹಾಕಿ, ಅದರ ಕಾಂತದ ದಿಕ್ಕನ್ನು ತಿರುಗಿಸಿದರೆ ಸರಳೇ ತುಸು ತಿರುಗುತ್ತದೆ. ಐನ್‌ಸ್ಟೈನ್ ಮತ್ತು ಡಿ ಹಾಸ್ 1915ರಲ್ಲಿ ಇದನ್ನು ತೋರಿಸಿದ್ದರು. ಆಗ ಸ್ಪಿನ್ ಎಂಬ ಮಾತೇ ಹುಟ್ಟಿರಲಿಲ್ಲ. ಒಳಗಿನ ಎಲೆಕ್ಟ್ರಾನುಗಳ ಸ್ಪಿನ್ ದಿಕ್ಕು ಬದಲಾದಾಗ ಲೆಕ್ಕ ಸರಿಯಾಗಲು ಸರಳು ತಿರುಗಲೇಬೇಕು. ಅಂದರೆ ತಿರುಗುವ ವಸ್ತುವಿಲ್ಲ, ಆದರೆ ತಿರುಗಾಟದ ಲೆಕ್ಕ ಮಾತ್ರ ನಿಜ.

ಇಲ್ಲಿ ಸುಳಿ ನಮ್ಮ ನೆರವಿಗೆ ಬರುತ್ತದೆ. ಅತಿದ್ರವದ ಒಂದು ಸುಳಿಯ ಸುತ್ತ ಸುತ್ತುವ ಪ್ರತಿ ಪರಮಾಣುವಿಗೂ ಸಿಗುವ ಕೋನೀಯ ಸಂವೇಗ ಅದೇ ಮೂಲಮಾನ, ಒಂದು. ಹತ್ತಿರದ ಪರಮಾಣುವಿಗೂ ಅಷ್ಟೇ, ದೂರದ್ದಕ್ಕೂ ಅಷ್ಟೇ. ಎಲೆಕ್ಟ್ರಾನಿನ ಸ್ಪಿನ್ನಿಗೂ ಅದೇ ಅಳತೆಗೋಲು, ಆದರೆ ಅರ್ಧ. ಸುಳಿಯಲ್ಲಿ ಅರ್ಧ ಸಾಧ್ಯವಿಲ್ಲ ಎಂದು ಗಡಿಯಾರದ ಆಟದಲ್ಲಿ ನೋಡಿದೆವು. ಹಾಗಾದರೆ ಎಲೆಕ್ಟ್ರಾನಿಗೆ ಹೇಗೆ ಸಾಧ್ಯ?

ಇದಕ್ಕೆ ಈಗಲೇ ಒಂದು ಪ್ರಯೋಗ ಮಾಡಿ. ಬಲಗೈ ಅಂಗೈ ಮೇಲೆ ಒಂದು ಪುಸ್ತಕ ಇಟ್ಟುಕೊಳ್ಳಿ. ಪುಸ್ತಕ ಬೀಳದಂತೆ, ಅಂಗೈ ಮೇಲ್ಮುಖವಾಗಿಯೇ ಇರುವಂತೆ, ಕಂಕುಳ ಕೆಳಗಿನಿಂದ ಒಂದು ಸುತ್ತು ತಿರುಗಿಸಿ. ಪುಸ್ತಕ ಮೊದಲಿದ್ದಂತೆ ಆಯಿತು, ಆದರೆ ನಿಮ್ಮ ತೋಳು ತಿರುಚಿಕೊಂಡಿದೆ. ನಿಲ್ಲಿಸಬೇಡಿ, ಅದೇ ದಿಕ್ಕಿನಲ್ಲಿ ತಲೆಯ ಮೇಲಿನಿಂದ ಇನ್ನೊಂದು ಸುತ್ತು ತಿರುಗಿಸಿ. ತೋಳು ನೆಟ್ಟಗಾಯಿತು! ಒಂದು ಸುತ್ತಿಗೆ ಮೊದಲಿನ ಸ್ಥಿತಿಗೆ ಬರದೆ ಎರಡು ಸುತ್ತಿಗೆ ಬರುವ ವಸ್ತು ನಿಮ್ಮ ಹೆಗಲಿನಲ್ಲೇ ಇದೆ. ಎಲೆಕ್ಟ್ರಾನ್, ಪ್ರೋಟಾನ್, ನ್ಯೂಟ್ರಾನ್‌ಗಳೂ ಹೀಗೆ. ಒಂದು ಸುತ್ತಿಗೆ ಅವುಗಳ ಮುಳ್ಳು ಹನ್ನೆರಡರಿಂದ ಆರಕ್ಕೆ ಬರುತ್ತದೆ. ಎರಡನೆಯ ಸುತ್ತಿಗೆ ಮತ್ತೆ ಹನ್ನೆರಡು. 1975ರಲ್ಲಿ ನ್ಯೂಟ್ರಾನ್ ಎಳೆಗಳ ಮೇಲೆ ಪ್ರಯೋಗ ಮಾಡಿ ಇದನ್ನು ಕಣ್ಣಾರೆ ಕಂಡರು. ಅರ್ಧ ಸ್ಪಿನ್ ಎಂದರೆ ಇದೇ. ಬುಗುರಿ ಒಂದು ಸುತ್ತಿಗೆ ಮೊದಲಿನಂತೆ ಆಗುತ್ತದೆ. ಆದ್ದರಿಂದ ಬುಗುರಿ ಅಲ್ಲ.

ನಿಜವಾದ ನಂಟು

ಸುಳಿಗೂ ಸ್ಪಿನ್ನಿಗೂ ಅಳತೆಗೋಲು ಒಂದೇ ಎಂಬುದು ಒಂದು ನಂಟು. ಅದಕ್ಕಿಂತ ಆಳವಾದ ನಂಟು ಇನ್ನೊಂದಿದೆ. ಒಂದು ದ್ರವ ಅತಿದ್ರವ ಆಗಬೇಕೋ ಬೇಡವೋ ಎಂಬುದನ್ನು ತೀರ್ಮಾನಿಸುವುದೇ ಸ್ಪಿನ್.

ಪೂರ್ಣಸಂಖ್ಯೆಯ ಸ್ಪಿನ್ ಇರುವ ಕಣಗಳು ಬೋಸರ ಹೆಸರಿನ ಬೋಸಾನುಗಳು. ಅವು ಎಷ್ಟು ಬೇಕಾದರೂ ಒಂದೇ ಸ್ಥಿತಿಯಲ್ಲಿ ಕೂಡಿ ಇರಬಲ್ಲವು. ಅರ್ಧದ ಲೆಕ್ಕದವು ಫರ್ಮಿಯಾನುಗಳು. ಒಂದೇ ಸ್ಥಿತಿಯಲ್ಲಿ ಎರಡು ಇರಲಾರವು. ಸಾಮಾನ್ಯ ಹೀಲಿಯಂ-4ರಲ್ಲಿ ಎರಡು ಪ್ರೋಟಾನ್, ಎರಡು ನ್ಯೂಟ್ರಾನ್, ಎರಡು ಎಲೆಕ್ಟ್ರಾನ್ ಇವೆ. ಆರು ಅರ್ಧಗಳು ಜೋಡಿ ಜೋಡಿಯಾಗಿ ಒಂದನ್ನೊಂದು ಕಳೆದು ಒಟ್ಟು ಸ್ಪಿನ್ ಸೊನ್ನೆ. ಇದು ಬೋಸಾನ್. ಹೀಲಿಯಂ-3ರಲ್ಲಿ ಒಂದು ನ್ಯೂಟ್ರಾನ್ ಕಡಿಮೆ. ಐದು ಅರ್ಧಗಳಲ್ಲಿ ಒಂದು ಜೋಡಿಯಿಲ್ಲದೆ ಉಳಿಯುತ್ತದೆ. ಇದು ಫರ್ಮಿಯಾನ್. ಎರಡೂ ಹೀಲಿಯಂ, ಎರಡರ ರಸಾಯನ ಗುಣ ಒಂದೇ. ಆದರೆ ಹೀಲಿಯಂ-4 ಅತಿದ್ರವವಾಗುವುದು 2.17 ಕೆಲ್ವಿನ್‌ನಲ್ಲಿ. ಹೀಲಿಯಂ-3 ಅತಿದ್ರವವಾಗಲು 0.003 ಕೆಲ್ವಿನ್‌ಗಿಂತಲೂ ಕೆಳಗೆ ಇಳಿಯಬೇಕು. ಅಲ್ಲಿ ಪರಮಾಣುಗಳು ಎರಡೆರಡು ಜೊತೆಯಾಗಿ, ಅರ್ಧ ಅರ್ಧ ಸೇರಿ ಒಂದಾಗಿ, ಬೋಸಾನಿನಂತೆ ನಡೆಯುತ್ತವೆ. 1972ರಲ್ಲಿ ಅಮೆರಿಕದ ಕಾರ್ನೆಲ್‌ನಲ್ಲಿ ಇದನ್ನು ಕಂಡ ಲೀ, ಆಶರಾಫ್ ಮತ್ತು ರಿಚರ್ಡ್‌ಸನ್ ಅವರಿಗೆ 1996ರ ನೊಬೆಲ್ ಬಂದಿತು. ಒಂದು ನ್ಯೂಟ್ರಾನಿನ ಅರ್ಧ ಸ್ಪಿನ್ ಎಂತಹ ಅಂತರ ತಂದಿದೆ ನೋಡಿ!

ಹೀಲಿಯಂ-3ರ ಸುಳಿಯಲ್ಲಿ ಇನ್ನೊಂದು ಅಚ್ಚರಿ ಇದೆ. ಇಲ್ಲಿ ಮುಳ್ಳಿನ ಜೊತೆಗೆ, ಜೋಡಿಯ ಸ್ಪಿನ್ನಿಗೆ ಸಂಬಂಧಿಸಿದ ಒಂದು ದಿಕ್ಕೂ ಇದೆ. ಸುಳಿಯನ್ನು ಒಮ್ಮೆ ಸುತ್ತಿ ಬರುವಾಗ ಮುಳ್ಳು ಅರ್ಧ ಸುತ್ತು ತಿರುಗಿ, ಆ ದಿಕ್ಕೂ ತಲೆಕೆಳಗಾದರೆ? ಎರಡು ತಪ್ಪುಗಳು ಸೇರಿ ಒಂದು ಸರಿ ಆಗುತ್ತದೆ, ಲೆಕ್ಕ ಕೂಡುತ್ತದೆ. ಹೀಗೆ ಅರ್ಧ ಸುಳಿ ಸಾಧ್ಯ ಎಂದು 1976ರಲ್ಲಿ ವೊಲೊವಿಕ್ ಮತ್ತು ಮಿನೇಯೆವ್ ಹೇಳಿದರು. ಹೀಲಿಯಂ-3ರಲ್ಲಿ ಅದು ಕಂಡದ್ದು ನಲವತ್ತು ವರ್ಷಗಳ ನಂತರ, 2016ರಲ್ಲಿ, ಫಿನ್ಲೆಂಡಿನ ಆಲ್ಟೋ ವಿಶ್ವವಿದ್ಯಾಲಯದ ಪ್ರಯೋಗದಲ್ಲಿ. ಆಟದಲ್ಲಿ ನಾವು ಆಗದು ಎಂದಿದ್ದ ಅರ್ಧವನ್ನು ಸ್ಪಿನ್ ಕೈಹಿಡಿದು ಒಳಗೆ ಕರೆತಂದಿತು.

ಆಕಾಶದಲ್ಲೂ ಈ ನಂಟು ಕಾಣುತ್ತದೆ. ನ್ಯೂಟ್ರಾನ್ ನಕ್ಷತ್ರಗಳ ಒಳಗೆ ನ್ಯೂಟ್ರಾನುಗಳು ಜೋಡಿಯಾಗಿ ಅತಿದ್ರವವಾಗಿರುತ್ತವೆ ಎಂದು ತಿಳಿಯಲಾಗಿದೆ. ಸೆಕೆಂಡಿಗೆ ಸುಮಾರು 11 ಸಲ ತಿರುಗುವ ವೇಲಾ ಎಂಬ ನಕ್ಷತ್ರ ನಿಧಾನವಾಗುತ್ತಾ ಹೋಗುತ್ತಿದ್ದದ್ದು, 1969ರಲ್ಲಿ ಇದ್ದಕ್ಕಿದ್ದಂತೆ ತುಸು ವೇಗ ಪಡೆಯಿತು. ಒಳಗೆ ಸಿಕ್ಕಿಕೊಂಡಿದ್ದ ಸುಳಿಗಳು ಒಟ್ಟಿಗೆ ಕಳಚಿಕೊಂಡು ತಮ್ಮ ತಿರುಗಾಟವನ್ನು ಹೊರಚಿಪ್ಪಿಗೆ ಕೊಟ್ಟವು ಎಂದು 1975ರಲ್ಲಿ ಆಂಡರ್ಸನ್ ಮತ್ತು ಇತೊಹ್ ವಿವರಿಸಿದರು.

ಒಂದು ಎಚ್ಚರಿಕೆ

ಇಷ್ಟು ಕೇಳಿದ ಮೇಲೆ ನಿಮ್ಮಲ್ಲಿ ಚುರುಕಾದವರು, "ಹಾಗಾದರೆ ಎಲೆಕ್ಟ್ರಾನೇ ಒಂದು ಪುಟ್ಟ ಸುಳಿ ಇರಬಹುದಲ್ಲ?" ಎಂದು ಕೇಳುತ್ತೀರಿ. ನನಗೂ ಹಾಗೆಯೇ ಅನಿಸಿತ್ತು. ದೊಡ್ಡವರಿಗೂ ಅನಿಸಿದೆ. 1867ರಲ್ಲಿ ಲಾರ್ಡ್ ಕೆಲ್ವಿನ್, ಪರಮಾಣುಗಳೆಂದರೆ ಈಥರ್ ಎಂಬ ದ್ರವದ ಸುಳಿಯುಂಗುರಗಳು ಎಂದು ವಾದಿಸಿದ್ದರು. ಬಹಳ ಸುಂದರವಾದ ಆಲೋಚನೆ. ಆದರೆ ತಪ್ಪಾಗಿತ್ತು. ನಿರ್ವಾತವೇ ಒಂದು ಅತಿದ್ರವ, ಕಣಗಳು ಅದರ ಸುಳಿಗಳು ಎಂಬ ಊಹೆ ಮಾಡುವವರು ಈಗಲೂ ಇದ್ದಾರೆ. ಅದು ಪ್ರಯೋಗದಿಂದ ಸಾಬೀತಾಗಿಲ್ಲ. ಸುಳಿಗೆ ಸುತ್ತಲೂ ದ್ರವ ಬೇಕು, ಸುಳಿ ಬಟ್ಟಲಿನ ಗೋಡೆಗೆ ಬಂದು ಅಳಿಯಬಲ್ಲದು. ಎಲೆಕ್ಟ್ರಾನ್ ಹಾಗಲ್ಲ. ಹೋಲಿಕೆ ಎಂಬುದು ಹೊಳೆ ದಾಟಲು ದೋಣಿ ಇದ್ದಂತೆ. ದಡ ಸೇರಿದ ಮೇಲೆ ಅದನ್ನು ತಲೆಯ ಮೇಲೆ ಹೊತ್ತು ನಡೆಯಬಾರದು. ನಾನು ಬುಗುರಿಯ ದೋಣಿಯನ್ನು ಆ ಹುಡುಗಿಯ ತಲೆಯ ಮೇಲೆ ಹೊರಿಸಿಬಿಟ್ಟಿದ್ದೆ.

ಶಿಕ್ಷಕ ಬಂಧುಗಳಲ್ಲಿ ನನ್ನ ವಿನಂತಿ ಇಷ್ಟೇ. ಗೊತ್ತಿಲ್ಲದ್ದನ್ನು "ಗೊತ್ತಿಲ್ಲ, ನಾಳೆ ನೋಡಿಕೊಂಡು ಬರುತ್ತೇನೆ" ಎಂದು ಹೇಳಲು ನಾಚಬೇಡಿ. ಆ ಒಂದು ನಾಳೆಯನ್ನು ಉಳಿಸಲು ಹೋಗಿ ನಾನು ಒಂದು ಮಗುವಿಗೆ ಮೂರು ವರ್ಷ ತಪ್ಪನ್ನು ಹೊರಿಸಿದೆ. ಭಾಷೆಯ ಮೇಷ್ಟ್ರುಗಳೂ ವಿಜ್ಞಾನದ ಪುಸ್ತಕ ತೆರೆಯಿರಿ. ನಮ್ಮ ಮಕ್ಕಳು ಉರ್ದುವಿನಲ್ಲಿ ಕಲಿತು ಕನ್ನಡಕ್ಕೆ, ಅಲ್ಲಿಂದ ಇಂಗ್ಲಿಷಿಗೆ ದಾಟುವಾಗ ಪದಗಳ ಜೊತೆಗೆ ಅರ್ಥವೂ ದಾಟಬೇಕು. ಭಂವರ್ ಎಂದರೂ ಸುಳಿ ಎಂದರೂ ಎಣಿಕೆ ಒಂದೇ.

ವಿದ್ಯಾರ್ಥಿಗಳೇ, ಢಾಕಾದ ಒಬ್ಬ ಮೇಷ್ಟ್ರು ಎಣಿಕೆಯನ್ನು ಹೊಸದಾಗಿ ನೋಡಿದ್ದರಿಂದ ಈ ಕಥೆ ಆರಂಭವಾಯಿತು. ಒಂಬತ್ತನೇ ತರಗತಿಯ ಒಬ್ಬ ಹುಡುಗಿ ಎದ್ದು ನಿಂತು ಕೇಳಿದ್ದರಿಂದ ಅದು ನನ್ನವರೆಗೂ ಬಂತು. ನೀವೂ ಎದ್ದು ನಿಂತು ಕೇಳಿ. ಉತ್ತರ ಸಿಕ್ಕ ಮೇಲೂ ಇನ್ನೊಮ್ಮೆ ಕೇಳಿ.